ಆಯ್ತಪ್ಪನ ಮಗಳು ‘ಬೇಡ’ ಅಂದದ್ದು

ಊರಿನ ಬಸ್ಸು ಓಡಿಸುತ್ತಿದ್ದ ಕಾಲದಿಂದಲೂ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಆಯ್ತಪ್ಪ ಎಂದೇ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ನಿಲ್ದಾಣವಿಲ್ಲದ ಕಡೆ ಯಾರಾದರೂ ಕೈ ಅಡ್ಡ ಹಿಡಿದರೆ, “ಆಯ್ತಪ್ಪ, ಹತ್ತು.” ಇಳಿಯುವ ಜಾಗ ದಾಟಿಹೋಯಿತೆಂದು ಅಜ್ಜಿಯೊಬ್ಬಳು ಗೊಣಗಿದರೆ, “ಆಯ್ತಮ್ಮ, ನಿಲ್ಲಿಸ್ತೀನಿ.” ಡಿಪೋದಲ್ಲಿ ಯಾರಿಗಾದರೂ ಜ್ವರ ಬಂದರೆ, “ಆಯ್ತಪ್ಪ, ನಿನ್ನ ಪಾಳಿ ನಾನು ನೋಡ್ಕೋತೀನಿ.” ಇಲ್ಲ ಎನ್ನುವ ಎರಡಕ್ಷರಕ್ಕೆ ಅವನ ನಾಲಿಗೆ ಹೊರಳುತ್ತಲೇ ಇರಲಿಲ್ಲ. ನಿವೃತ್ತಿಯಾದ ದಿನ ಡಿಪೋದವರು ಕೊಟ್ಟ ಗೋಡೆ ಗಡಿಯಾರದ ಮೇಲೂ ಆಯ್ತಪ್ಪ ಎಂದೇ ಕೆತ್ತಿಸಿದ್ದರು.

ಆಯ್ತಪ್ಪನಿಗೆ ಒಬ್ಬಳೇ ಮಗಳು. ವಯಸ್ಸು ಮೂವತ್ತು ದಾಟಿದ್ದರೂ ಅಪ್ಪನ ಬಾಯಲ್ಲಿ ಇನ್ನೂ ಪುಟ್ಟಿ. ಅವಳಿಗೆ ನಾಲ್ಕು ತುಂಬುವ ಮೊದಲೇ ತಾಯಿ ಕಾಯಿಲೆ ಬಿದ್ದು ತೀರಿಕೊಂಡಿದ್ದಳು. ಮಗುವನ್ನು ಬಿಟ್ಟುಹೋಗಲು ಮನೆಯಲ್ಲಿ ಇನ್ನೊಂದು ಜೀವವಿಲ್ಲದೆ ಆಯ್ತಪ್ಪ ಅವಳನ್ನು ಬಸ್ಸಿಗೇ ಕರೆದುಕೊಂಡು ಹೋಗುತ್ತಿದ್ದ. ಡ್ರೈವರ್ ಸೀಟಿನ ಹಿಂದಿನ ಸೀಟು ಪುಟ್ಟಿಯದು. ಅಕ್ಷರ ತಿದ್ದಿದ್ದು, ಮಗ್ಗಿ ಬಾಯಿಪಾಠ ಮಾಡಿದ್ದು, ಹಾಲುಹಲ್ಲು ಉದುರಿಸಿಕೊಂಡದ್ದು, ಎಲ್ಲ ಆ ಸೀಟಿನಲ್ಲೇ. ಅದೇ ಬಸ್ಸಿನಲ್ಲಿ ಟಿಕೇಟು ಕೊಡುತ್ತಿದ್ದ ಹೆಂಗಸು ಆಯ್ತಪ್ಪನಿಗೆ ಜಡೆ ಹೆಣೆಯುವುದನ್ನು ಕಲಿಸಿದಳು. ಕೊನೆಯ ನಿಲ್ದಾಣದಲ್ಲಿ ಬಸ್ಸು ತಿರುಗಿಸುವ ಮುನ್ನ ಸಿಗುವ ಬಿಡುವಿನಲ್ಲಿ, ಸ್ಟೀರಿಂಗ್ ಹಿಡಿದು ಒರಟಾದ ಕೈಗಳಿಂದ ಅವನು ಮಗಳ ಕೂದಲು ಬಾಚುತ್ತಿದ್ದರೆ, “ಅಯ್ಯೋ, ಅದೇನು ಬಸ್ಸಿನ ಗೇರಾ? ಮೆತ್ತಗೆ ಎಳಿ!” ಎಂದು ಆಕೆ ಗದರಿಸುತ್ತಿದ್ದಳು. ಪುಟ್ಟಿ ಆಕೆಯನ್ನು ಕಂಡಕ್ಟರತ್ತೆ ಎಂದು ಕರೆಯತೊಡಗಿದಳು. ಅದೇ ಖಾಯಂ ಆಯಿತು.

ಮಗಳು ಓದು ಮುಗಿಸಿ ಹಲ್ಲು ಕಟ್ಟುವ ಕೆಲಸ ಕಲಿಯುತ್ತೇನೆ ಎಂದಾಗ ಆಯ್ತಪ್ಪನಿಗೆ ಅದು ಏನೆಂದೇ ತಿಳಿಯಲಿಲ್ಲ. ತಿಳಿಯದಿದ್ದರೂ “ಆಯ್ತು ಪುಟ್ಟಿ” ಅಂದ. ಆ ತರಬೇತಿಯ ಖರ್ಚಿಗಾಗಿ ರಜೆ ಎಂಬುದನ್ನೇ ಮರೆತು ಗಾಡಿ ಓಡಿಸಿದ. ಚಳಿಗಾಲದ ಕೋಟು ಮೊಣಕೈಯಲ್ಲಿ ಹರಿದಾಗ ಒಳಗಿನಿಂದ ತೇಪೆ ಹಾಕಿಕೊಂಡು, “ಈಗ ಇನ್ನೂ ಬೆಚ್ಚಗಿದೆ ನೋಡು” ಎಂದು ನಗಾಡಿದ್ದ. ಇದೆಲ್ಲ ಪುಟ್ಟಿಗೆ ಚೆನ್ನಾಗಿ ನೆನಪಿತ್ತು. ನೆನಪಿದ್ದದ್ದೇ ಮುಂದೆ ಅವಳ ಬಾಯಿ ಕಟ್ಟಿಹಾಕಿತು.

ಕೆಲಸವೇನೋ ಅವಳಿಗೆ ಒಲಿಯಿತು. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಅವಳ ಮೇಜು. ಸುತ್ತ ಪ್ಲಾಸ್ಟರಿನ ಬಿಳಿ ಧೂಳು, ಪುಟ್ಟ ದೀಪದ ಉರಿಯಲ್ಲಿ ಕರಗುವ ಗುಲಾಬಿ ಮೇಣದ ವಾಸನೆ, ಗೋಡೆಯ ಹಲಗೆಯ ಮೇಲೆ ಸಾಲಾಗಿ ಯಾರ್ಯಾರದೋ ದವಡೆಯ ಅಚ್ಚುಗಳು. ಒಬ್ಬೊಬ್ಬರ ಹಲ್ಲಿಗೂ ಒಂದೊಂದು ಬಣ್ಣ. ಕೆಲವರದು ಕೆನೆಯ ಬಣ್ಣ, ಕೆಲವರದು ಹಳೇ ಕಾಗದದ ಬಣ್ಣ. ಮುದುಕರಿಗೆ ಮುತ್ತಿನಂತೆ ಬೆಳ್ಳಗಿರುವ ಹಲ್ಲು ಕಟ್ಟಿಕೊಟ್ಟರೆ ಬೇರೆಯವರ ನಗು ಕದ್ದು ತಂದವರ ಹಾಗೆ ಕಾಣುತ್ತಾರೆಂದು ಅವಳಿಗೆ ಹೇಳಿಕೊಟ್ಟವಳು ಪಕ್ಕದ ಮೇಜಿನ ಮೇಣದಕ್ಕ. ಮೇಣ ಕೆತ್ತುವುದರಲ್ಲಿ ಆಕೆಯ ಕೈಯನ್ನು ಮೀರಿಸುವವರಿರಲಿಲ್ಲವಾಗಿ ಆ ಅಡ್ಡಹೆಸರು. ಇಬ್ಬರೂ ಸೇರಿ ಸ್ವಂತದ್ದೊಂದು ಹಲ್ಲು ಕಟ್ಟುವ ಕಾರ್ಖಾನೆ ತೆರೆಯಬೇಕು, ನಾಲ್ಕಾರು ಡಾಕ್ಟರುಗಳಿಂದ ಕೆಲಸ ಹಿಡಿಯಬೇಕು ಎಂದು ಎಷ್ಟೋ ದಿನದಿಂದ ಮಾತಾಡಿಕೊಂಡಿದ್ದರು. ಅದಕ್ಕಾಗಿಯೇ ಪುಟ್ಟಿ ತಿಂಗಳು ತಿಂಗಳೂ ದುಡ್ಡು ಉಳಿಸುತ್ತಿದ್ದಳು.

ಆ ದುಡ್ಡು ಇದ್ದದ್ದು ಅಪ್ಪ–ಮಗಳ ಜಂಟಿ ಖಾತೆಯಲ್ಲಿ. ಮೊದಲ ಸಂಬಳ ಬಂದಾಗ ಆಯ್ತಪ್ಪನೇ ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ, ಇಬ್ಬರ ಹೆಸರಿನಲ್ಲೂ ಖಾತೆ ತೆರೆಸಿ, ಹೊರಗೆ ಬಂದು ಐಸ್‌ಕ್ರೀಮು ಕೊಡಿಸಿದ್ದ. ಆಮೇಲೆ ಅದನ್ನು ಬದಲಿಸುವ ಯೋಚನೆ ಇಬ್ಬರಿಗೂ ಬಂದಿರಲಿಲ್ಲ.

ಹಾಗಾಗಿ ಆಯ್ತಪ್ಪ ನಿವೃತ್ತನಾದ ಮೇಲೆ ಅವನ ಆಯ್ತುಗಳೆಲ್ಲ ಮಗಳ ಸಂಬಳದ ಮೇಲೆ ಸವಾರಿ ಮಾಡತೊಡಗಿದವು. ಮೇಲಿನ ಮನೆಯವನ ಫ್ರಿಜ್ಜು ಕೆಟ್ಟಿತು, “ಆಯ್ತಪ್ಪ, ಪುಟ್ಟಿಗೆ ಹೇಳ್ತೀನಿ.” ಡಿಪೋದ ಹಳೇ ಗೆಳೆಯನ ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು; “ಆಯ್ತಪ್ಪ, ಯೋಚನೆ ಮಾಡ್ಬೇಡ.” ಮೂಲೆ ಅಂಗಡಿಯವನ ತಮ್ಮ ಬಣ್ಣದ ಮೀನುಗಳ ವ್ಯಾಪಾರ ಶುರುಮಾಡಿದ, ಅವನಿಗೂ ಆಯ್ತು. ಮೀನುಗಳು ಸತ್ತುಹೋಗಿ ವ್ಯಾಪಾರ ಮುಳುಗಿತು. ಅಸಲಿನ ಬದಲಿಗೆ ಅವನು ಉಳಿದಿದ್ದ ಒಂದೇ ಒಂದು ಕೆಂಪು ಮೀನನ್ನು ಜಾಡಿಯಲ್ಲಿ ಹಾಕಿ ತಂದುಕೊಟ್ಟು, ಕೈಮುಗಿದು ಹೋದ. ಆಯ್ತಪ್ಪ ಆ ಮೀನಿಗೆ ಬ್ರೆಡ್ಡಿನ ಚೂರು ಹಾಕುತ್ತಾ, “ಪಾಪ, ಪ್ರಾಮಾಣಿಕ ಮನುಷ್ಯ ಕಣೇ” ಅಂದ. ಪುಟ್ಟಿಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ, ನಕ್ಕಳು. ಅಪ್ಪ ತನಗೆ ಮಾಡಿದ್ದರ ಮುಂದೆ ಇದೆಷ್ಟರದು ಎಂದು ಪ್ರತಿ ಸಲವೂ ಮಾತು ನುಂಗಿಕೊಳ್ಳುತ್ತಿದ್ದಳು.

ಕೊನೆಗೊಂದು ದಿನ ಮೇಣದಕ್ಕ ಒಳ್ಳೆಯದೊಂದು ಕೋಣೆ ಹುಡುಕಿದಳು. ಉತ್ತರಕ್ಕೆ ದೊಡ್ಡ ಕಿಟಕಿ. ಹಲ್ಲಿನ ಬಣ್ಣ ಹೊಂದಿಸಲು ಅಂಥ ಬೆಳಕು ಸಿಗುವುದು ಅಪರೂಪ. ಮುಂಗಡ ಕೊಡುವ ದಿನ ಪುಟ್ಟಿ ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದಳು. ಕೌಂಟರಿನ ಹುಡುಗಿ ಕಂಪ್ಯೂಟರು ನೋಡಿ, ಇನ್ನೊಮ್ಮೆ ನೋಡಿ, “ಇದರಲ್ಲಿ ಅಷ್ಟಿಲ್ವಲ್ಲ ಮೇಡಂ. ಹೋದ ವಾರ ನಿಮ್ಮ ತಂದೆಯವರು ಬಂದು ತಗೊಂಡು ಹೋದ್ರು. ಅರ್ಧಕ್ಕಿಂತ ಜಾಸ್ತಿ” ಎಂದಳು.

ಮನೆಗೆ ಬಂದರೆ ಆಯ್ತಪ್ಪ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದ.

“ಅಯ್ಯೋ, ನಿನಗೆ ಹೇಳೋದೇ ಮರೆತೆ ಪುಟ್ಟಿ. ಕಂಡಕ್ಟರಮ್ಮನ ಮಂಡಿ ಆಪರೇಷನ್ನು. ಆಸ್ಪತ್ರೆಯವರು ಮುಂಚೇನೇ ಕಟ್ಟಿ ಅಂದ್ರಂತೆ. ಫೋನಲ್ಲಿ ಅಳ್ತಾ ಇದ್ಲು. ಆಯ್ತಮ್ಮ, ನಾವಿಲ್ವಾ ಅಂದೆ. ಪಾಪ, ನಿನ್ನೆ ಆಯ್ತು ಆಪರೇಷನ್ನು, ಎದ್ದು ಕೂತಿದ್ದಾಳಂತೆ.”

ಬೇರೆ ಯಾರ ಹೆಸರು ಹೇಳಿದ್ದರೂ ಪುಟ್ಟಿ ಕೂಗಾಡುತ್ತಿದ್ದಳೇನೋ. ತನಗೆ ಜಡೆ ಹೆಣೆಯಲು ಅಪ್ಪನಿಗೆ ಕಲಿಸಿಕೊಟ್ಟ ಕಂಡಕ್ಟರತ್ತೆಯ ಮಂಡಿಯ ಮೇಲೆ ಯಾರು ತಾನೇ ಸಿಟ್ಟು ಮಾಡಿಕೊಳ್ಳುತ್ತಾರೆ? ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು, ಸದ್ದು ಕೇಳಿಸದ ಹಾಗೆ ಅತ್ತು, ಮುಖ ತೊಳೆದು ಬಂದಳು.

ಆ ಕೋಣೆ ಬೇರೆ ಯಾರದೋ ಪಾಲಾಯಿತು. ಮೇಣದಕ್ಕ ಬೈಯಲಿಲ್ಲ. ಮೇಣದ ಚಾಕುವನ್ನು ಬಟ್ಟೆಯಲ್ಲಿ ಒರೆಸುತ್ತಾ ನಿಧಾನವಾಗಿ ಹೇಳಿದಳು: “ನೋಡೇ, ನಾನು ನಿನ್ನ ಜೊತೆ ಪಾಲುದಾರಳಾಗೋಕೆ ಇವತ್ತಿಗೂ ತಯಾರು. ನಿಮ್ಮಪ್ಪನ ಜೊತೆ ಆಗೋಕೆ ತಯಾರಿಲ್ಲ. ದೇವರಂಥ ಮನುಷ್ಯ, ಒಪ್ಕೋತೀನಿ. ಆದ್ರೆ ನಮ್ಮ ಗಲ್ಲಾಪೆಟ್ಟಿಗೆ ಮುಂದೆ ಕೂರಿಸೋ ಮನುಷ್ಯ ಅಲ್ಲ. ನಿನ್ನ ದುಡ್ಡು ಯಾವುದು, ಅಪ್ಪಂದು ಯಾವುದು ಅಂತ ನೀನು ಗೆರೆ ಎಳೆದ ದಿನ ಹೇಳು, ಬೇರೆ ಕೋಣೆ ಹುಡುಕೋಣ.”

ಗೆರೆ ಎಳೆಯಬೇಕು, ನಿಜ. ಆದರೆ ಹೇಗೆ? ಊಟಕ್ಕೆ ಕೂತಾಗ ಹೇಳೋಣವೆಂದರೆ ಅಪ್ಪ ಮೊದಲ ತುತ್ತು ಅವಳ ತಟ್ಟೆಗೇ ಬಡಿಸುತ್ತಿದ್ದ. ಬೆಳಿಗ್ಗೆ ಹೇಳೋಣವೆಂದರೆ ಅವಳ ಶೂಗೆ ಪಾಲಿಶ್ ಹಾಕಿ ಬಾಗಿಲ ಬಳಿ ಇಟ್ಟಿರುತ್ತಿದ್ದ. “ಅಪ್ಪ, ಒಂದು ಮಾತು” ಎಂದು ಶುರುಮಾಡಿದರೆ ಮುಗಿಸುವ ಮೊದಲೇ, “ಆಯ್ತು ಪುಟ್ಟಿ, ಏನಿದ್ರೂ ಆಯ್ತು” ಎಂದುಬಿಡುತ್ತಿದ್ದ. ಯಾವುದಕ್ಕೆ ಆಯ್ತು ಎಂದು ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಇಂಥದರಲ್ಲಿ ಆಯ್ತಪ್ಪನ ಹಲ್ಲುಗಳೇ ಮಗಳಿಗೆ ದಾರಿ ಮಾಡಿಕೊಟ್ಟವು. ಕೆಳಗಿನ ಹಲ್ಲುಗಳು ಮೊದಲೇ ಉದುರಿದ್ದವು. ಮೇಲೆ ಉಳಿದಿದ್ದನ್ನೂ ಡಾಕ್ಟರಮ್ಮ ಕಿತ್ತು, ಅಚ್ಚು ತೆಗೆದುಕೊಟ್ಟಿದ್ದಳು. ಪೂರ್ತಿ ಹೊಸ ಸೆಟ್ಟು ಕಟ್ಟುವವಳು ಪುಟ್ಟಿಯೇ. ಒಂದು ಮಧ್ಯಾಹ್ನ ಅಪ್ಪ ಕ್ಲಿನಿಕ್ಕಿನ ಕುರ್ಚಿಯಲ್ಲಿ ಒರಗಿದ. ಡಾಕ್ಟರಮ್ಮ, “ನಿಮ್ಮಪ್ಪಂದಲ್ವಾ, ಕಚ್ಚಿಸಿ ನೋಡೋದು ನೀನೇ ಮಾಡು, ಆಮೇಲೆ ನಾನು ಬಂದು ನೋಡ್ತೀನಿ” ಎಂದು ಪಕ್ಕದ ಕೋಣೆಯ ರೋಗಿಯ ಹತ್ತಿರ ಹೋದಳು. ಪುಟ್ಟಿ ಕಚ್ಚಿನ ಅಳತೆಗೆಂದು ಬೆಚ್ಚಗಿನ ಮೇಣದ ದಿಂಡುಗಳನ್ನು ಅಪ್ಪನ ಬಾಯಲ್ಲಿಟ್ಟು, “ಮೆತ್ತಗೆ ಕಚ್ಕೋ. ಮಾತಾಡ್ಬೇಡ. ನಾನು ಹೇಳೋವರೆಗೂ ಬಾಯಿ ತೆಗೀಬಾರದು” ಅಂದಳು.

ಆಯ್ತಪ್ಪ ತಲೆಯಾಡಿಸಿದ. ಕೆನ್ನೆ ಎರಡೂ ಉಬ್ಬಿ ಚಿಕ್ಕ ಮಗುವಿನ ಹಾಗೆ ಕಾಣುತ್ತಿದ್ದ.

ಅವಳು ಮೊದಲೇ ಯೋಚಿಸಿಟ್ಟುಕೊಂಡದ್ದೇನಲ್ಲ. ಕೋಣೆಯಲ್ಲಿ ಅಷ್ಟು ಮೌನ ಇದ್ದದ್ದನ್ನು, ಅಪ್ಪ ಆಯ್ತು ಅನ್ನಲಾಗದೆ ತನ್ನನ್ನೇ ನೋಡುತ್ತಿದ್ದದ್ದನ್ನು ಕಂಡು ಮಾತು ತಾನಾಗಿ ಹೊರಬಿತ್ತು.

“ಅಪ್ಪ, ನಾವು ನೋಡಿದ್ದ ಕೋಣೆ ಕೈತಪ್ಪಿ ಹೋಯ್ತು. ಮುಂಗಡ ಕೊಡೋಕೆ ಹೋದಾಗ ಬ್ಯಾಂಕಲ್ಲಿ ದುಡ್ಡಿರಲಿಲ್ಲ.”

ಆಯ್ತಪ್ಪನ ಹುಬ್ಬು ಮೇಲೇರಿತು. “ಉಂ...” ಎಂದ.

“ಮಾತಾಡ್ಬೇಡ, ಮೇಣ ಹಾಳಾಗುತ್ತೆ. ಅತ್ತೆಗೆ ಕೊಟ್ಟಿದ್ದು ತಪ್ಪು ಅಂತಿಲ್ಲ ನಾನು. ಆದ್ರೆ ನನ್ನ ಕೇಳಲಿಲ್ವಲ್ಲ ನೀನು. ಕೇಳಿದ್ರೆ ಕೊಡ್ತಿದ್ದೆನಾ ಅಂದ್ರೆ, ನಿಜ ಹೇಳ್ತೀನಿ, ಗೊತ್ತಿಲ್ಲ. ಅರ್ಧ ಕೊಡ್ತಿದ್ದೆನೇನೋ. ಪೂರ್ತಿ ಕೊಡ್ತಿದ್ದೆನೇನೋ. ನಾನು ಕೊಡೋಳೋ ಕೊಡದೋಳೋ ಅಂತ ನನಗೇ ಗೊತ್ತಿಲ್ಲ ಅಪ್ಪ. ಯಾಕಂದ್ರೆ ಯಾವಾಗ್ಲೂ ನನಗಿಂತ ಮುಂಚೆ ನೀನೇ ಕೊಟ್ಬಿಟ್ಟಿರ್ತೀಯ.”

ಆಯ್ತಪ್ಪ ರೆಪ್ಪೆ ಬಡಿಯಲಿಲ್ಲ.

“ನಾಳೆ ನನ್ನ ಒಬ್ಬಳ ಹೆಸರಲ್ಲಿ ಖಾತೆ ತೆರೀತೀನಿ. ಸಂಬಳ ಅದಕ್ಕೇ ಬರುತ್ತೆ. ಬಾಡಿಗೆ, ದಿನಸಿ, ನಿನ್ನ ಮಾತ್ರೆ, ಯಾವುದಕ್ಕೂ ಒಂದು ದಿನ ತಡ ಆಗಲ್ಲ, ಅದು ನನ್ನ ಜವಾಬ್ದಾರಿ. ನಿನ್ನ ಪಿಂಚಣಿ ಪೂರ್ತಿ ನಿಂದು. ಅದನ್ನ ಯಾರಿಗೆ ಬೇಕಾದ್ರೂ ಕೊಡು, ಇನ್ನೊಂದು ಮೀನು ಬೇಕಾದ್ರೂ ತಗೋ, ನಾನು ಯಾಕೆ ಅಂತ ಕೇಳಲ್ಲ. ಆದ್ರೆ ನನ್ನ ದುಡ್ಡಲ್ಲಿ ಇನ್ಮೇಲೆ ನೀನು ಯಾರಿಗೂ ಆಯ್ತು ಅನ್ಬೇಡ. ನೀನು ನನಗೆ ಏನೆಲ್ಲ ಮಾಡಿದೀಯ ಅನ್ನೋದು ನನಗೆ ಮರೆತಿಲ್ಲ ಅಪ್ಪ, ಸಾಯೋವರೆಗೂ ಮರೆಯಲ್ಲ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಸುಮ್ಮನಿದ್ರೆ ಒಳಗೊಳಗೇ ನಿನ್ನ ಮೇಲೆ ಕೋಪ ಬೆಳೀತಾ ಹೋಗುತ್ತೆ. ಅದು ನನಗೆ ಬೇಡ.”

ಮೇಣ ಗಟ್ಟಿಯಾಗಿ ಎಷ್ಟೋ ಹೊತ್ತಾಗಿತ್ತು. “ಇನ್ನೂ ಸ್ವಲ್ಪ ಕಚ್ಕೊಂಡಿರು” ಎಂದು ಅವಳು ಅಚ್ಚಿನ ಬಟ್ಟಲನ್ನು ಸುಮ್ಮನೆ ತೊಳೆಯುತ್ತಾ ನಿಂತಳು. ತಿರುಗಿ ನೋಡಿದಾಗ ಅಪ್ಪನ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿದಿತ್ತು. ಮೇಣ ತೆಗೆದ ಮೇಲೆ ಅವನು ಬಾಯಿ ಮುಕ್ಕಳಿಸಿ, ಉಗುಳಿ, ಕೇಳಿದ್ದು ಒಂದೇ ಮಾತು: “ಸೆಟ್ಟು ಸರಿಯಾಗಿ ಕೂರುತ್ತಂತಾ?”

“ಕೂರುತ್ತೆ ಅಪ್ಪ.”

ಟೋಪಿ ಹಾಕಿಕೊಂಡು ಅವಳಿಗಾಗಿ ಕಾಯದೆ ಒಬ್ಬನೇ ಹೊರಟುಹೋದ.

ಪುಟ್ಟಿ ಮರುದಿನವೇ ಹೊಸ ಖಾತೆ ತೆರೆದಳು. ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಉಸಿರು ಕಟ್ಟಿದ ಹಾಗಿತ್ತು. ಆಯ್ತಪ್ಪ ಜಗಳವಾಡಲಿಲ್ಲ, ಜಗಳ ಆಡಿದ್ದರೆ ಎಷ್ಟೋ ವಾಸಿಯಿತ್ತು. ಅವನು ವಿನಯ ಹಿಡಿದುಕೊಂಡ. “ಉಪ್ಪು ಮುಗಿದಿದೆ, ತರಬಹುದಾ?” “ಪೇಪರು ನಿಲ್ಲಿಸಬೇಕಾ, ಬರಲಿ ಅನ್ನಬೇಕಾ?” ಹಲ್ಲಿಲ್ಲದ ಬಾಯಿಂದ ಬರುವ ಆ ಮಾತುಗಳು ಅವಳನ್ನು ಚುಚ್ಚುವಷ್ಟು ಸೂಜಿಯೂ ಚುಚ್ಚುತ್ತಿರಲಿಲ್ಲ. ಅಪ್ಪನ ಅಕ್ಕ, ಅವಳ ಸ್ವಂತ ಸೋದರತ್ತೆ, ಫೋನು ಮಾಡಿ, “ಹೊಟ್ಟೆಬಟ್ಟೆ ಕಟ್ಟಿ ಸಾಕಿದ ಅಪ್ಪನಿಗೇ ನಿಂದು ನಂದು ಅಂತ ಭಾಗ ಮಾಡಿದ್ಯಂತೆ. ಭೇಷ್!” ಎಂದಳು. ಪುಟ್ಟಿ, “ಹೌದು ಅತ್ತೆ, ಮಾಡಿದೆ. ಊಟ ಆಯ್ತಾ?” ಎಂದು ಫೋನು ಇಟ್ಟಳು. ಇಟ್ಟ ಮೇಲೆ ತಲೆ ಮೇಲೆ ಕೈಹೊತ್ತು ಕೂತಳು. ಒಂದು ಸಂಜೆಯಂತೂ ಬ್ಯಾಂಕಿನ ಬಾಗಿಲವರೆಗೆ ಹೋಗಿ, ಎಲ್ಲ ಮೊದಲಿದ್ದ ಹಾಗೇ ಇರಲಿ ಎಂದುಬಿಡೋಣವೇ ಎಂದು ನಿಂತಳು. ಬಾಗಿಲು ಮುಚ್ಚಿತ್ತು. ಮನೆಗೆ ಬಂದು ಅಪ್ಪನ ಮಾತ್ರೆಗಳನ್ನು ಡಬ್ಬಿಗೆ ತುಂಬಿಟ್ಟಳು.

ಹೊಸ ಹಲ್ಲು ಸಿದ್ಧವಾದ ವಾರವೇ ಕಂಡಕ್ಟರತ್ತೆ ಊರುಗೋಲು ಹಿಡಿದು ಮನೆಗೆ ಬಂದಳು. ಡಿಪೋದವರ ಬಾಯಿಂದ ಬಾಯಿಗೆ ಹಾದು ವಿಷಯ ಆಕೆಯ ಕಿವಿಗೂ ಬಿದ್ದಿತ್ತು. ಕೂರುವ ಮೊದಲೇ ಶುರುಮಾಡಿದಳು.

“ಏನೋ ಆಯ್ತಪ್ಪ, ಅದು ಈ ಹುಡುಗಿ ದುಡ್ಡಂತೆ! ನಿನ್ನ ಪಿಂಚಣಿ ದುಡ್ಡು ಅಂದುಕೊಂಡಿದ್ದೆ ನಾನು. ಗೊತ್ತಿದ್ರೆ ಮುಟ್ತಿದ್ನಾ?”

“ನೀನು ಸುಮ್ನಿರಮ್ಮ, ಮನೆ ದುಡ್ಡು ಅಂದ್ರೆ ಮನೆ ದುಡ್ಡು” ಎಂದ ಆಯ್ತಪ್ಪ, ಹೊಸ ಹಲ್ಲು ಇನ್ನೂ ರೂಢಿಯಾಗದೆ ಸಕಾರ ಬಂದಲ್ಲೆಲ್ಲ ಸೀಟಿ ಹೊಡೆಯುತ್ತಾ.

“ಮನೆ ದುಡ್ಡಂತೆ! ಅಷ್ಟು ವರ್ಷ ಒಂದೇ ಬಸ್ಸಲ್ಲಿದ್ವಲ್ಲ, ಒಂದು ದಿನ ನಿನ್ನ ಕೈಗೆ ನಾನು ಟಿಕೇಟಿನ ದುಡ್ಡು ಕೊಟ್ಟಿದೀನಾ? ಯಾಕೆ ಕೊಡಲಿಲ್ಲ ಹೇಳು. ನೀನು ಬ್ರೇಕ್ ಹಾಕಿ ಹಾಕಿ ಎಲ್ಲರನ್ನೂ ಹತ್ತಿಸ್ಕೋತಿದ್ದೆ. ‘ಜಾಗ ಇಲ್ಲ, ಮುಂದಿನ ಬಸ್ಸಿಗೆ ಬಾ’ ಅಂತ ಬಾಯಿ ಬಡ್ಕೋತಿದ್ದೋಳು ನಾನು. ಊರಿನವರ ಕಣ್ಣಲ್ಲಿ ನೀನು ಒಳ್ಳೆಯವನು, ನಾನು ಬಜಾರಿ. ನಾನು ಇಲ್ಲ ಅಂದಿದ್ದಕ್ಕೇ ಆ ಬಸ್ಸು ದಿಬ್ಬ ಹತ್ತಿದ್ದು!”

ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಅತ್ತೆ ಅವಳ ಕಡೆ ತಿರುಗಿ ದನಿ ತಗ್ಗಿಸಿದಳು. “ಸ್ವಲ್ಪ ಸ್ವಲ್ಪ ತೀರಿಸ್ತೀನಿ ಕಂದ. ಬೇಡ ಅಂತ ದೊಡ್ಡಸ್ತಿಕೆ ತೋರಿಸ್ಬೇಡ. ತಗೊಂಡ್ರೆ ನನಗೆ ನಿದ್ದೆ ಬರುತ್ತೆ.” ಪುಟ್ಟಿ ಬೇಡ ಅನ್ನಲಿಲ್ಲ. ಆಕೆಯ ಮಂಡಿಯ ಮೇಲೆ ಮೆಲ್ಲಗೆ ಕೈಯಿಟ್ಟು, “ನೋವು ಹೇಗಿದೆ ಅತ್ತೆ?” ಎಂದು ಮಾತ್ರ ಕೇಳಿದಳು.

ಆ ದಿನದಿಂದ ಆಯ್ತಪ್ಪ ಬದಲಾದ, ಆದರೆ ಎಡವಟ್ಟಾಗಿ ಬದಲಾದ. ಯಾರಾದರೂ ಕೈಸಾಲ ಕೇಳಿಕೊಂಡು ಬಂದರೆ, “ನನ್ನದೇನಿದೆಯಪ್ಪ, ಈಗೆಲ್ಲ ಮಗಳದೇ ದರ್ಬಾರು. ಅವಳು ಬಿಡಲ್ಲ” ಎನ್ನತೊಡಗಿದ. ಬೀದಿಯಲ್ಲಿ ಜನ ಪುಟ್ಟಿಯನ್ನು ಓರೆಗಣ್ಣಿಂದ ನೋಡಿದರು. ತರಕಾರಿಯವಳು ಚಿಲ್ಲರೆ ಕೊಡುವಾಗ ಬೇಕೆಂದೇ ಕಾಸು ಕಾಸೂ ಎಣಿಸಿ ಕೈಗಿಟ್ಟು, “ಸರಿಯಾಗಿದೆ ತಾನೆ? ನೋಡ್ಕೊಳಮ್ಮ” ಅಂದಳು. ಪುಟ್ಟಿ ಚೀಲ ಹಿಡಿದು ಮನೆಗೆ ಬಂದವಳೇ ಈ ಸಲ ಮೇಣ ಇಲ್ಲದೆಯೇ ಅಪ್ಪನ ಎದುರು ಕೂತಳು.

“ಅಪ್ಪ, ನಾನು ಬಸ್ಸಿನ ಕಂಡಕ್ಟರ್ ಅಲ್ಲ. ನಿನ್ನ ಬದಲು ಇಲ್ಲ ಅನ್ನೋ ಕೆಲಸ ನನಗೆ ಬೇಡ. ಕೊಡೋಕೆ ಇಷ್ಟ ಇದ್ರೆ ನಿನ್ನ ದುಡ್ಡಲ್ಲಿ ಕೊಡು. ಇಲ್ಲ ಅನ್ನೋದಾದ್ರೆ ನಿನ್ನ ಬಾಯಿಂದಲೇ ಅನ್ನು. ನನ್ನ ಹೆಸರು ಎಳೀಬೇಡ.”

ಆಯ್ತಪ್ಪ ಬಹಳ ಹೊತ್ತು ಮೇಜಿನ ಮೇಲಿದ್ದ ನೀರಿನ ಕಲೆಯನ್ನು ಬೆರಳಲ್ಲಿ ಉಜ್ಜಿದ. “ಬರಲ್ಲ ಪುಟ್ಟಿ” ಎಂದ ಕೊನೆಗೆ. “ಆ ಮಾತು ನನಗೆ ಬರಲ್ಲ.”

“ಯಾಕೆ?”

“ನಿಮ್ಮಮ್ಮ ತೀರಿಕೊಂಡ ವರ್ಷ ನಿನಗೆ ನೆನಪಿಲ್ಲ. ನಿನ್ನನ್ನ ಹಿಂದಿನ ಸೀಟಲ್ಲಿ ಮಲಗಿಸಿ ಗಾಡಿ ಓಡಿಸ್ತಿದ್ದೆ. ನಿನಗೆ ಎಚ್ಚರ ಆಗಿ ಅತ್ರೆ ಯಾರಾದ್ರೂ ಎತ್ಕೊಳ್ಳೋರು. ಯಾರೋ ಹಾಲು ತಂದು ಕೊಡೋರು, ಯಾರೋ ಸ್ವೆಟರ್ ಹೆಣೆದು ಕೊಡೋರು. ಹೆಸರೂ ಗೊತ್ತಿಲ್ಲ ನನಗೆ, ಯಾವ ನಿಲ್ದಾಣದಲ್ಲಿ ಇಳೀತಾರೆ ಅಂತ ಮಾತ್ರ ಗೊತ್ತು. ಮಗು ಕೂರಿಸ್ಕೊಂಡು ಬಸ್ಸು ಓಡಿಸ್ತಾನೆ ಅಂತ ಒಬ್ಬರು ದೂರು ಕೊಟ್ಟಿದ್ರೆ ನನ್ನ ಕೆಲಸ ಹೋಗ್ತಿತ್ತು. ಒಬ್ಬರೂ ಕೊಡಲಿಲ್ಲ. ಆ ವರ್ಷ ನನಗೆ ಯಾರೂ ಇಲ್ಲ ಅನ್ನಲಿಲ್ಲ ಪುಟ್ಟಿ. ನಾನು ಯಾವ ಬಾಯಲ್ಲಿ ಅನ್ನಲಿ?”

ಇಷ್ಟು ವರ್ಷ ಒಂದೇ ಸೂರಿನಡಿ ಬದುಕಿದ್ದರೂ ಈ ಮಾತನ್ನು ಅವನು ಅವಳಿಗೆ ಹೇಳಿರಲಿಲ್ಲ. ಪುಟ್ಟಿ ಆ ಸೀಟಿನಲ್ಲಿ ನಿಶ್ಚಿಂತೆಯಿಂದ ಮಲಗಿದ್ದದ್ದಕ್ಕೆ ಎಷ್ಟೊಂದು ಕೈಗಳು ಕಾರಣವಾಗಿದ್ದವು! ಅಪ್ಪನ ಧಾರಾಳವನ್ನು ಅವಳು ಬರೀ ದೌರ್ಬಲ್ಯ ಎಂದುಕೊಂಡಿದ್ದಳು. ಅವನು ಊರಿಗೆ ಊರಿಗೇ ತಾನು ಸಾಲಗಾರನೆಂದುಕೊಂಡು, ಸಿಕ್ಕಸಿಕ್ಕವರಿಗೆ ತೀರಿಸುತ್ತಾ ಬಂದಿದ್ದ.

ಕುರ್ಚಿ ಹತ್ತಿರ ಎಳೆದುಕೊಂಡು ಅವಳು ಹೇಳಿದಳು: “ಅವರ್ಯಾರೂ ಇನ್ನೊಬ್ಬರ ಹಾಲು ತಂದು ಕೊಡಲಿಲ್ಲ ಅಲ್ವಾ ಅಪ್ಪ? ಅವರವರ ಮನೇದು ತಂದುಕೊಟ್ರು. ಕೈಲಾದಷ್ಟು ಮಾಡಿದ್ರು. ಆಗದೋರು ಸುಮ್ನೆ ಕೂತಿದ್ರು. ಅವರ ಮೇಲೇನು ನಿನಗೆ ಬೇಜಾರಿತ್ತಾ?”

ಆಯ್ತಪ್ಪ ಯೋಚಿಸಿದ. “ಇಲ್ಲ” ಎಂದ. ಎಂದವನೇ ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿದವನಂತೆ ಮಗಳ ಮುಖ ನೋಡಿದ. ಇಬ್ಬರೂ ನಗತೊಡಗಿದರು. ನಗು ನಿಂತ ಮೇಲೆ ಅವನು ಎದ್ದು ಚಹಾಕ್ಕೆ ನೀರಿಟ್ಟ. ಉಪ್ಪು–ಪೇಪರಿನ ವಿನಯ ಅವತ್ತಿಗೆ ಮುಗಿಯಿತು.

ಪರೀಕ್ಷೆ ಬಹಳ ದಿನ ಕಾಯಿಸಲಿಲ್ಲ. ಮೇಲಿನ ಮನೆಯವನು ಒಂದು ಭಾನುವಾರ ಬೆಳಿಗ್ಗೆ ಇಳಿದುಬಂದ. ಅವನಿಗೆ ಸೆಕೆಂಡ್ ಹ್ಯಾಂಡ್ ಸ್ಕೂಟರೊಂದು ಅಗ್ಗಕ್ಕೆ ಸಿಗುವುದಿತ್ತು. ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಪುಟ್ಟಿ ಪಕ್ಕದ ಕೋಣೆಯಲ್ಲಿ ಮೈಯೆಲ್ಲ ಕಿವಿಯಾಗಿ ನಿಂತಳು.

“ಹೆಚ್ಚೇನಿಲ್ಲ ಆಯ್ತಪ್ಪನೋರೇ, ಎರಡು ತಿಂಗಳಲ್ಲಿ ವಾಪಸ್ಸು.”

ಆಚೆ ಕಡೆಯಿಂದ ಕೆಮ್ಮು. ಲೋಟ ಎತ್ತಿದ ಸದ್ದು, ಇಟ್ಟ ಸದ್ದು. ಆಮೇಲೆ ಆಯ್ತಪ್ಪನ ದನಿ, ಯಾರೋ ಕತ್ತು ಹಿಸುಕಿದ ಹಾಗೆ: “ಆಗಲ್ಲಪ್ಪ.”

“ಆಂ?”

“ಆಗಲ್ಲ. ಈ ತಿಂಗಳ ಪಿಂಚಣೀಲಿ ನನಗೆ ಚಳಿಗೆ ಕೋಟು ತಗೋಬೇಕು. ನನ್ನ ಕೈಲಿ ಆಗಲ್ಲ.”

ಪುಟ್ಟಿಯ ಇಸ್ತ್ರಿ ಪೆಟ್ಟಿಗೆ ಗಾಳಿಯಲ್ಲೇ ನಿಂತಿತು. ಈಗ ಆ ಮನುಷ್ಯ ಮುನಿಸಿಕೊಂಡು ಎದ್ದುಹೋಗುತ್ತಾನೆ, ಅಪ್ಪ ವಾರಗಟ್ಟಲೆ ಕೊರಗುತ್ತಾನೆ ಎಂದುಕೊಂಡಳು. ಮೇಲಿನ ಮನೆಯವನು, “ಓ, ಸರಿ ಬಿಡಿ, ಬ್ಯಾಂಕಲ್ಲೇ ಕೇಳ್ತೀನಿ. ಅಂದಹಾಗೆ ನಿನ್ನೆ ಫುಟ್ಬಾಲ್ ಮ್ಯಾಚು ನೋಡಿದ್ರಾ?” ಎಂದ. ಇಬ್ಬರೂ ಚಹಾ ಕುಡಿದು, ಗೋಲ್‌ಕೀಪರನನ್ನು ಹಿಗ್ಗಾಮುಗ್ಗಾ ಬೈದು, ಮಧ್ಯಾಹ್ನದವರೆಗೂ ಹರಟಿದರು.

ಅವನು ಹೋದ ಮೇಲೆ ಆಯ್ತಪ್ಪ ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದ. ಕಣ್ಣು ಅರಳಿದ್ದವು. “ಪುಟ್ಟಿ, ಅಂದುಬಿಟ್ಟೆ ಕಣೇ. ಏನೂ ಆಗ್ಲಿಲ್ಲ! ಬೇಜಾರೂ ಮಾಡ್ಕೊಳ್ಳಲಿಲ್ಲ! ಇಷ್ಟೇನಾ ಇದು?” ಬಾಗಿಲ ಚೌಕಟ್ಟಿಗೆ ಒರಗಿ, “ಇಷ್ಟು ವರ್ಷ ಎಲ್ಲದಕ್ಕೂ ಆಯ್ತು ಅಂದಿದ್ನಲ್ಲ, ಪ್ರೀತಿಯಿಂದ ಅಂದಿದ್ದು ಯಾವುದು, ಹೆದರಿ ಅಂದಿದ್ದು ಯಾವುದು ಅಂತ ಈಗ ಬೇರೆ ಮಾಡೋಕೂ ಬರಲ್ಲ. ನೀನು ಅವತ್ತು ಹೇಳದೇ ಇದ್ದಿದ್ರೆ ಗೊತ್ತೇ ಆಗ್ತಿರಲಿಲ್ಲ. ಒಳ್ಳೇದಾಯ್ತು ಕಣಮ್ಮ, ಹೇಳಿದ್ದು” ಅಂದ.

ಪುಟ್ಟಿ ಇಸ್ತ್ರಿ ಮಾಡಿದ ಅಂಗಿಯನ್ನು ಅವನ ಕೈಗಿಟ್ಟಳು. ಇಷ್ಟು ವಯಸ್ಸಾದ ಮೇಲೆ ಮಗಳ ಮಾತಿಗೆ ತನ್ನನ್ನು ತಾನು ತಿದ್ದಿಕೊಳ್ಳುವ ಅಪ್ಪಂದಿರು ಎಷ್ಟು ಜನ ಇರುತ್ತಾರೆ?

ಮುಂದಿನ ಬೇಸಿಗೆಗೆ ಪುಟ್ಟಿ ಮತ್ತು ಮೇಣದಕ್ಕ ಗಡಿಯಾರ ರಿಪೇರಿ ಅಂಗಡಿಯ ಮಹಡಿಯ ಮೇಲೆ ಕೋಣೆ ಹಿಡಿದರು. ಕಿಟಕಿ ಪೂರ್ವಕ್ಕಿತ್ತು, ಬೆಳಗಿನ ಹೊತ್ತು ಪರದೆ ಎಳೆದು ಕೆಲಸ ಮಾಡಬೇಕಿತ್ತು. ಪರವಾಗಿಲ್ಲ ಎಂದುಕೊಂಡರು. ಹಳೆಯ ಡಾಕ್ಟರಮ್ಮನೇ ಮೊದಲ ಕೆಲಸ ಕಳಿಸಿದಳು. ಕಂಡಕ್ಟರತ್ತೆ ತಿಂಗಳು ತಪ್ಪದೆ ಮೆಟ್ಟಿಲು ಹತ್ತಿ ಬಂದು, ಕೊಡಬೇಕಾದ್ದು ಕೊಟ್ಟು, ಮಂಡಿ ಎಷ್ಟು ಚೆನ್ನಾಗಿ ಮಡಚುತ್ತದೆಂದು ತೋರಿಸಿ ಹೋಗುತ್ತಿದ್ದಳು. ಆಕೆಗೆ ಕಾಲಿನ ವ್ಯಾಯಾಮಕ್ಕೆ ಇನ್ನಷ್ಟು ದಿನ ಆಸ್ಪತ್ರೆಗೆ ಹೋಗಬೇಕೆಂದು ತಿಳಿದಾಗ ಆ ಖರ್ಚನ್ನು ಪುಟ್ಟಿ ತಾನಾಗಿಯೇ ಕಟ್ಟಿದಳು. ಯಾರೂ ಕೇಳಿರಲಿಲ್ಲ. ಆಸ್ಪತ್ರೆಯಿಂದ ಹೊರಗೆ ಬರುವಾಗ ಮನಸ್ಸು ಹೂವಿನಷ್ಟು ಹಗುರವಾಗಿತ್ತು.

ಆಯ್ತಪ್ಪ ವಾರಕ್ಕೆರಡು ಸಲ ಸಂಜೆ ಹೊತ್ತು ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಬಂದು, ಮಗಳ ಕೆಲಸ ಮುಗಿಯುವವರೆಗೆ ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದ. ಪಿಂಚಣಿಯಲ್ಲಿ ಅರ್ಧ ಈಗಲೂ ಯಾರ್ಯಾರಿಗೋ ಹೋಗುತ್ತಿತ್ತು. ಯಾರಿಗೆಂದು ಅವಳು ಕೇಳುತ್ತಿರಲಿಲ್ಲ. ತಿಂಗಳ ಕೊನೆಯ ಒಂದು ಸಂಜೆ ಅವನು, “ಈ ತಿಂಗಳು ಎಷ್ಟು...” ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡ.

“ಎಷ್ಟು ಏನಪ್ಪ?”

“ಏನಿಲ್ಲ. ಎಷ್ಟು ಹೊತ್ತಾಗುತ್ತೆ ಅಂತ ಕೇಳ್ದೆ.”

ಮೇಣದಕ್ಕ ತಲೆ ತಗ್ಗಿಸಿ ಕಿಸಕ್ಕನೆ ನಕ್ಕಳು. ಪುಟ್ಟಿ ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟು ಅಪ್ಪನನ್ನು ನೋಡಿದಳು. ಕೇಳಬಾರದೆಂದು ತುಟಿ ಬಿಗಿದುಕೊಂಡು, ಅವಳು ಕಟ್ಟಿಕೊಟ್ಟ ಹಲ್ಲುಗಳನ್ನು ಒಳಗೆ ಅಡಗಿಸಿಕೊಂಡು ಕೂತಿದ್ದ. ಅವಳಿಗೆ ಹೇಳಬೇಕೆನಿಸಿತು. ಬಾಗಿ, ಅವನ ಕಿವಿಯಲ್ಲಿ, ಆ ತಿಂಗಳು ಬಾಡಿಗೆ, ಸಾಮಾನು ಎಲ್ಲ ಕಳೆದು ತನಗೂ ಮೇಣದಕ್ಕನಿಗೂ ಉಳಿದದ್ದೆಷ್ಟೆಂದು ಹೇಳಿದಳು.

“ಅಷ್ಟಾ!” ಎಂದು ಆಯ್ತಪ್ಪ ಸ್ಟೂಲಿನಿಂದ ಎದ್ದೇಬಿಟ್ಟ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಆಮೇಲೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಮೊದಲು ಮೇಣದಕ್ಕನಿಗೆ, ನಂತರ ಮಗಳಿಗೆ, ಕೊನೆಗೆ ತನಗೆ, ಬಿಸಿ ಬಿಸಿ ಚಹಾ ಬಗ್ಗಿಸಿದ.